ಪೈಥಾನ್‌ಗೆ ಜಿಯುಐ ಆರಿಸುವ ಮುಂಚೆ ‘ಜ್ಯೋತ್ಸ್ನಾ’ ಅಂತ ಟೈಪ್ ಮಾಡಿ

ನನ್ನ ಭಾವನದು ಶಿರಸಿಯಲ್ಲಿ ಸಣ್ಣದೊಂದು ಅಡಿಕೆ ವಖಾರಿ. ರೈತರು ಚೀಲ ತರುತ್ತಾರೆ, ಕಾಟಾದ ಮೇಲೆ ಇಟ್ಟು ತೂಗುತ್ತಾರೆ. ಅಡಿಕೆಯ ಬಗೆ ರಾಶಿಯೋ, ಚಾಲಿಯೋ, ಬೆಟ್ಟೆಯೋ, ಕೆಂಪುಗೋಟೋ ನೋಡಿ ಗುಮಾಸ್ತರು ಚೀಟಿ ಬರೆದು ಕೊಡುತ್ತಾರೆ. ಆ ಚೀಟಿ ಕಂಪ್ಯೂಟರಿನಿಂದ ಬರಬೇಕು, ಕನ್ನಡದಲ್ಲೇ ಬರಬೇಕು. ಇಷ್ಟೇ ಬೇಡಿಕೆ. “ನಿನಗೆ ಪೈಥಾನ್ ಬರ್ತದಲ್ಲ ಮಾರಾಯ, ಎರಡು ದಿನದ ಕೆಲಸ” ಅಂದರು ಭಾವ. ಪೈಥಾನ್ ಅಂದರೆ ನಾನು ಪ್ರೋಗ್ರಾಂ ಬರೆಯುವ ಭಾಷೆ.

ಆ ಎರಡು ದಿನದ ಕೆಲಸವನ್ನು ನಾನು ಮೂರು ಸಲ ಮಾಡಿದೆ. ಲೆಕ್ಕದ ಭಾಗ, ಎಸ್‌ಕ್ಯೂಲೈಟ್ ಡೇಟಾಬೇಸ್ ಎರಡೂ ಮೊದಲ ದಿನವೇ ಸರಿಯಾಗಿದ್ದವು. ಅವನ್ನು ಮತ್ತೆ ಮುಟ್ಟಲೇ ಇಲ್ಲ. ಮೂರು ಸಲ ಕಿತ್ತು ಕಟ್ಟಿದ್ದು ಕಣ್ಣಿಗೆ ಕಾಣುವ ಭಾಗವನ್ನು, ಅಂದರೆ ಜಿಯುಐಯನ್ನು: ಕಿಟಕಿ, ಬಟನ್ನು, ಪಟ್ಟಿ. ಕಾರಣ, ಇವನ್ನೆಲ್ಲ ಕಟ್ಟಲು ಸಿಗುವ ಸಿದ್ಧ ಸಾಮಗ್ರಿಯನ್ನು, ಅಂದರೆ ಟೂಲ್‌ಕಿಟ್ ಅನ್ನು, ಆರಿಸುವಾಗ ನಾನು ಹೋಲಿಕೆಗಳನ್ನು ಓದುತ್ತಾ ಕೂತಿದ್ದೆ. ಯಾವುದು ಚಂದ, ಯಾವುದು ಫಾಸ್ಟ್, ಯಾವುದರ ಡಾಕ್ಯುಮೆಂಟೇಶನ್ ಚೆನ್ನಾಗಿದೆ ಎಲ್ಲ ಅಲ್ಲಿರುತ್ತದೆ. ನಮ್ಮ ಒತ್ತಕ್ಷರದ ಸುದ್ದಿ ಇರುವುದಿಲ್ಲ. ಭಾವನ ಮೇಜಿನ ಮೇಲಿನ ಹಳೇ ವಿಂಡೋಸ್ 7 ಡಬ್ಬದ ಸುದ್ದಿಯಂತೂ ಇರುವುದೇ ಇಲ್ಲ.

ನೀವೂ ಕನ್ನಡದಲ್ಲಿ ಕೆಲಸ ಮಾಡುವ ಒಂದು ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯಲು ಹೊರಟಿದ್ದರೆ, ನಾನು ಮಾಡಿದ್ದನ್ನು ತಿರುವುಮುರುವು ಮಾಡಿ. ಮೊದಲು ಅಕ್ಷರ ನೋಡಿ, ಆಮೇಲೆ ಯಂತ್ರ ನೋಡಿ, ಆಮೇಲೆ ಬಳಸುವವರ ಕೈ ನೋಡಿ. ಅಂದ ಚಂದ ಕೊನೆಗೆ.

ನಾನು ಶುರು ಮಾಡಿದ್ದು ಟಿಕಿಂಟರ್ ಎಂಬ ಟೂಲ್‌ಕಿಟ್‌ನಿಂದ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅದು ತಪ್ಪಲ್ಲ. ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಉಬುಂಟು ಲಿನಕ್ಸ್‌ನಲ್ಲಾದರೆ ಪೈಥಾನ್3-ಟಿಕೆ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಇದರ ಒಳಗಿರುವುದು ಟಿಕೆ. 1980ರ ದಶಕದ ಕೊನೆಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಅವರು ಟಿಸಿಎಲ್ ಎಂಬ ಭಾಷೆ ಮಾಡಿದರು, ಟಿಕೆ ಅದಕ್ಕೆ ಜೋಡಿಯಾಗಿ ಬಂದದ್ದು. ಹಳೇ ಸಾಮಾನು, ಆದರೆ ಗಟ್ಟಿ. ಪೈಥಾನ್ ಜೊತೆ ಬರುವ ಐಡಲ್ ಎಡಿಟರ್ ಇದೆಯಲ್ಲ, ಅದು ಟಿಕಿಂಟರ್‌ನಲ್ಲೇ ಬರೆದದ್ದು.

ಒಂದು ಸಂಜೆಯಲ್ಲಿ ಕಿಟಕಿ ಸಿದ್ಧವಾಯಿತು. ನನ್ನ ಲ್ಯಾಪ್‌ಟಾಪ್ ಲಿನಕ್ಸ್. ಹೆಸರಿನ ಜಾಗದಲ್ಲಿ ‘ರಾಮಕೃಷ್ಣ’ ಅಂತ ಹಾಕಿದೆ. ಷದ ಕೆಳಗೆ ಣ ಒತ್ತು ಕೂರಬೇಕಿತ್ತು. ಕೂರಲಿಲ್ಲ. ಷ್ ಬೇರೆ, ಅದರ ಪಕ್ಕದಲ್ಲಿ ಇಡೀ ಣ ಬೇರೆ. ‘ಗೋಕರ್ಣ’ದಲ್ಲಿ ಅರ್ಕಾವತ್ತೇ ಇಲ್ಲ, ರ್ ಮತ್ತು ಣ ಸಾಲಾಗಿ ನಿಂತಿದ್ದವು. ಫಾಂಟ್ ಸರಿಯಿಲ್ಲ ಅಂದುಕೊಂಡೆ. ಸುಮ್ನೆ ಎರಡು ದಿನ ಫಾಂಟ್ ಬದಲಾಯಿಸುತ್ತಾ ಕೂತೆ.

ತಪ್ಪು ಫಾಂಟಿನದಲ್ಲ. ಕನ್ನಡ ಫಾಂಟಿನೊಳಗೆ ಅಕ್ಷರಗಳ ಚಿತ್ರಗಳ ಜೊತೆ ನಿಯಮಗಳೂ ಇರುತ್ತವೆ. ಷ, ವಿರಾಮ (ಅಕ್ಷರದ ಸ್ವರ ತೆಗೆದು ಅರ್ಧ ಮಾಡುವ ಗುರುತು), ಣ ಒಟ್ಟಿಗೆ ಬಂದರೆ ಈ ಒತ್ತನ್ನು ಹಾಕು, ರ ಮೊದಲು ಬಂದರೆ ಅರ್ಕಾವತ್ತು ಮಾಡಿ ಬಲಕ್ಕೆ ಇಡು, ಹೀಗೆ. ಆದರೆ ಆ ನಿಯಮ ಓದಿ ಜಾರಿ ಮಾಡಲು ಇನ್ನೊಬ್ಬ ಕೆಲಸಗಾರ ಬೇಕು. ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು ಸಾಮಾನ್ಯವಾಗಿ ಹಾರ್ಫ್‌ಬಜ್ ಎಂಬ ಲೈಬ್ರರಿ. ವಿಂಡೋಸ್‌ನಲ್ಲಿ ಯುನಿಸ್ಕ್ರೈಬ್ ಅಥವಾ ಡೈರೆಕ್ಟ್‌ರೈಟ್, ಮ್ಯಾಕ್‌ನಲ್ಲಿ ಕೋರ್‌ಟೆಕ್ಸ್ಟ್. ಟಿಕೆ 8.6 ಲಿನಕ್ಸ್‌ನಲ್ಲಿ ಈ ಕೆಲಸಗಾರನನ್ನು ಕರೆಯುವುದೇ ಇಲ್ಲ. ಒಂದೊಂದು ಅಕ್ಷರವನ್ನೂ ಸಾಲಾಗಿ ಬರೆದು ಕೈತೊಳೆದುಕೊಳ್ಳುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ನಮಗೆ ಸಾಲದು.

ತಮಾಷೆ ಅಂದರೆ ಅದೇ ಪ್ರೋಗ್ರಾಂ ಭಾವನ ವಿಂಡೋಸ್‌ನಲ್ಲಿ ಕನ್ನಡವನ್ನು ನೆಟ್ಟಗೆ ತೋರಿಸಿತು! ಅಲ್ಲಿ ಟಿಕೆ ಬರೆಯುವ ಕೆಲಸವನ್ನು ವಿಂಡೋಸ್‌ಗೇ ಒಪ್ಪಿಸುತ್ತದೆ, ಒತ್ತಕ್ಷರ ತನ್ನಷ್ಟಕ್ಕೆ ಆಗುತ್ತದೆ. ಹಾಗಾಗಿ ಮೊದಲ ಪಾಠ: ಪರೀಕ್ಷೆ ಮಾಡುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ, ಬಳಸುವವರ ಕಂಪ್ಯೂಟರಿನಲ್ಲಿ.

ಈಗ ನಾನು ಯಾವ ಟೂಲ್‌ಕಿಟ್ ಕೈಗೆತ್ತಿಕೊಂಡರೂ ಮೊದಲು ಮಾಡುವುದು ಒಂದೇ. ಒಂದು ಖಾಲಿ ಕಿಟಕಿ, ಅದರಲ್ಲಿ ಒಂದು ಬರೆಯುವ ಪೆಟ್ಟಿಗೆ, ಒಂದು ಪಟ್ಟಿ, ಒಂದು ಬಟನ್. ಇಪ್ಪತ್ತು ಸಾಲಿನ ಪ್ರೋಗ್ರಾಂ. ಪೆಟ್ಟಿಗೆಯಲ್ಲಿ ‘ಜ್ಯೋತ್ಸ್ನಾ’ ಅಂತ ಟೈಪ್ ಮಾಡುತ್ತೇನೆ. ಪೇಸ್ಟ್ ಮಾಡಿದರೆ ಆಗುವುದಿಲ್ಲ, ಟೈಪೇ ಮಾಡಬೇಕು, ಅದೂ ಬಳಸುವವರ ಕೀಬೋರ್ಡ್ ವಿನ್ಯಾಸದಲ್ಲಿ. ನಮ್ಮ ಗುಮಾಸ್ತರದು ನುಡಿ. ಎಫ್ ಒತ್ತಿ ಒತ್ತು ತರುವ ಕೆ.ಪಿ. ರಾವ್ ವಿನ್ಯಾಸ ಅವರ ಬೆರಳಿನಲ್ಲೇ ಇದೆ. ಕೀಲಿಮಣೆಯ ತಂತ್ರಾಂಶ ಕಳಿಸಿದ ಅಕ್ಷರ ಪೆಟ್ಟಿಗೆಗೆ ಸರಿಯಾಗಿ ಬಂತೇ, ನಡುವೆ ಯಾವುದಾದರೂ ನುಂಗಿ ಹೋಯಿತೇ ಅನ್ನುವುದು ಟೈಪ್ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

‘ಜ್ಯೋತ್ಸ್ನಾ’ ಯಾಕೆ ಅಂದರೆ, ಕಣ್ಣಿಗೆ ಅದು ಎರಡೇ ಅಕ್ಷರ: ಜ್ಯೋ, ತ್ಸ್ನಾ. ಪೈಥಾನ್‌ನ ಉದ್ದ ಎಣಿಸುವ ಲೆನ್ ಅನ್ನು ಕೇಳಿದರೆ 10 ಅನ್ನುತ್ತದೆ. ಜ, ವಿರಾಮ, ಯ, ಓತ್ವ, ತ, ವಿರಾಮ, ಸ, ವಿರಾಮ, ನ, ದೀರ್ಘ. ಹತ್ತಾಯಿತಲ್ಲ. ಈ ಒಂದು ಪದ ಟೂಲ್‌ಕಿಟ್‌ನ ಬಣ್ಣ ಬಯಲು ಮಾಡುತ್ತದೆ. ಕರ್ಸರನ್ನು ಎಡಬಾಣದಿಂದ ಹಿಂದಕ್ಕೆ ತನ್ನಿ. ಅದು ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತದೆಯೋ, ಒತ್ತಿನ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆಯೋ ನೋಡಿ. ಬ್ಯಾಕ್‌ಸ್ಪೇಸ್ ಒತ್ತಿ. ಮೌಸ್‌ನಿಂದ ಅರ್ಧ ಪದ ಆರಿಸಿ. ಆಮೇಲೆ ಅದೇ ಹೆಸರನ್ನು ಪಟ್ಟಿಗೆ ಸೇರಿಸಿ, ಸಾಲಿನ ಎತ್ತರ ನೋಡಿ. ತ್ಸ್ನಾದಲ್ಲಿ ಎರಡು ಒತ್ತು ಇವೆ, ಸಾಲು ಗಿಡ್ಡವಾದರೆ ಅವುಗಳ ಕಾಲು ಕತ್ತರಿಸಿ ಹೋಗುತ್ತದೆ. ಟಿಕಿಂಟರ್‌ನ ಟ್ರೀವ್ಯೂ ಎಂಬ ಪಟ್ಟಿಯಲ್ಲಿ ಸಾಲಿನ ಎತ್ತರ ಫಾಂಟ್ ನೋಡಿಕೊಂಡು ಬೆಳೆಯುವುದಿಲ್ಲ, ಸ್ಟೈಲ್‌ನಲ್ಲಿ ರೋಹೈಟ್ ನಾವೇ ಕೊಡಬೇಕು. ನಾನು ಅದನ್ನು ಮರೆತು, ಒಂದು ವಾರ ಎಲ್ಲಾ ‘ಕೃಷ್ಣ’ರನ್ನೂ ಕಾಲಿಲ್ಲದೆ ನಿಲ್ಲಿಸಿದ್ದೆ.

ಅಂದಹಾಗೆ ಹೆಸರಿಗೆ ‘20 ಅಕ್ಷರ ಸಾಕು’ ಅಂತ ಮಿತಿ ಹಾಕುವ ಚಟ ಇದ್ದರೆ ಬಿಡಿ. ಟೂಲ್‌ಕಿಟ್ ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. ಎರಡು ಜ್ಯೋತ್ಸ್ನಾ ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಈ ಪರೀಕ್ಷೆ ಹಾಕಿದರೆ ಟೂಲ್‌ಕಿಟ್‌ಗಳ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಡಿಯರ್ ಪೈಜಿಯುಐ ನೋಡಲು ಮಿಂಚಿನ ಹಾಗಿದೆ, ಗ್ರಾಫ್ ಗೀಫ್ ಎಲ್ಲ ಸೊಗಸು. ಆದರೆ ಅದರ ಬುಡದಲ್ಲಿರುವ ಡಿಯರ್ ಇಮ್‌ಜಿಯುಐಗೆ ಒತ್ತಕ್ಷರ ಜೋಡಿಸುವುದು ಗೊತ್ತೇ ಇಲ್ಲ. ಕನ್ನಡಕ್ಕೆ ಅಲ್ಲಿಗೆ ಕತೆ ಮುಗಿಯಿತು. ಕೀವಿ ಎಲ್ಲವನ್ನೂ ತಾನೇ ಓಪನ್‌ಜಿಎಲ್ ಎಂಬ ಚಿತ್ರ ಬಿಡಿಸುವ ವ್ಯವಸ್ಥೆಯಲ್ಲಿ ಬಿಡಿಸುತ್ತದೆ. ಮೊಬೈಲ್‌ಗೆ, ಟಚ್‌ಗೆ ಒಳ್ಳೆಯದು, ಆಂಡ್ರಾಯ್ಡ್‌ಗೂ ಅದೇ ಪ್ರೋಗ್ರಾಂ ಕಟ್ಟಬಹುದು. ನಾನು ಹಾಗೇ ಹಾಕಿಕೊಂಡು ನೋಡಿದಾಗ ಒತ್ತುಗಳು ಬಿಡಿಬಿಡಿಯಾಗೇ ಬಂದವು. ಕ್ಯೂಟಿ, ಜಿಟಿಕೆ, ಡಬ್ಲ್ಯೂಎಕ್ಸ್ ಮೂರೂ ಪಾಸು. ಕ್ಯೂಟಿಯ ಒಳಗೆ ಹಾರ್ಫ್‌ಬಜ್ ಇದೆ. ಜಿಟಿಕೆಯಲ್ಲಿ ಪ್ಯಾಂಗೋ ಮೂಲಕ ಅದೇ ಹಾರ್ಫ್‌ಬಜ್. ಡಬ್ಲ್ಯೂಎಕ್ಸ್ ಹೆಚ್ಚಿನದನ್ನು ತಾನು ಬಿಡಿಸುವುದಿಲ್ಲ. ವಿಂಡೋಸ್‌ನಲ್ಲಿ ವಿಂಡೋಸ್‌ನದೇ ಬಟನ್, ಲಿನಕ್ಸ್‌ನಲ್ಲಿ ಜಿಟಿಕೆಯದೇ ಬಟನ್ ಎರವಲು ತಂದು ಇಡುತ್ತದೆ.

ಜಿಟಿಕೆಯನ್ನು ನಾನು ಬೇಗ ಬಿಟ್ಟೆ. ಲಿನಕ್ಸ್‌ಗೆ ಮಾತ್ರ ಬರೆಯುವುದಾದರೆ ಅದರಷ್ಟು ಹೊಂದಿಕೊಳ್ಳುವುದು ಬೇರೆ ಇಲ್ಲ. ವಿಂಡೋಸ್‌ಗೆ ಸಾಗಿಸುವುದು ಮಾತ್ರ ಅತ್ತೆ ಮನೆಗೆ ಪಾತ್ರೆ ಪಗಡೆ ಸಮೇತ ಹೋದ ಹಾಗೆ.

ಡಬ್ಲ್ಯೂಎಕ್ಸ್‌ಪೈಥಾನ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ನಿಮ್ಮ ಪ್ರೋಗ್ರಾಂ ಬಳಸುವವರಲ್ಲಿ ಕಣ್ಣು ಕಾಣದವರು ಇದ್ದರೆ ಮೊದಲು ಇದನ್ನೇ ನೋಡಿ. ಎನ್‌ವಿಡಿಎ ಎಂಬ ಉಚಿತ ಪರದೆ ಓದುವ ತಂತ್ರಾಂಶ ಇದೆಯಲ್ಲ, ಅದರ ಕಿಟಕಿಗಳೇ ಡಬ್ಲ್ಯೂಎಕ್ಸ್‌ಪೈಥಾನ್‌ನಲ್ಲಿ ಮಾಡಿದವು. ಬಟನ್ನುಗಳು ವಿಂಡೋಸ್‌ನವೇ ಆದ್ದರಿಂದ ಓದುವ ತಂತ್ರಾಂಶಕ್ಕೆ ಅವು ಏನೆಂದು ತಿಳಿಯುತ್ತದೆ. ಟಿಕೆ 8.6ರ ಬಟನ್ನು ಅದಕ್ಕೆ ಬರೀ ಗೋಡೆ. ಆದರೆ ಲಿನಕ್ಸ್‌ನಲ್ಲಿ ಪೈಥಾನ್‌ಗೆ ಲೈಬ್ರರಿ ತಂದುಹಾಕುವ ಪಿಪ್‌ನಿಂದ ಹಾಕಹೋದರೆ ಡಬ್ಲ್ಯೂಎಕ್ಸ್ ಕಂಪೈಲ್ ಮಾಡಲು ಕೂರಬಹುದು. ನಿಮ್ಮ ಲಿನಕ್ಸ್ ಡಿಸ್ಟ್ರೋದ ಪ್ಯಾಕೇಜನ್ನೇ ಹಾಕಿಕೊಳ್ಳುವುದು ಜಾಣತನ.

ನಾನು ಎರಡನೇ ಸಲ ಹಿಡಿದದ್ದು ಕ್ಯೂಟಿ. ಇಲ್ಲೊಂದು ಕವಲು ದಾರಿ ಇದೆ, ಎಲ್ಲರೂ ಅಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಪೈಕ್ಯೂಟಿಯೋ, ಪೈಸೈಡೋ? ಎರಡೂ ಕ್ಯೂಟಿಗೇ ಪೈಥಾನ್ ಮುಖ. ಪೈಕ್ಯೂಟಿ ಹಳೆಯದು, ರಿವರ್‌ಬ್ಯಾಂಕ್ ಕಂಪ್ಯೂಟಿಂಗ್‌ನವರದು. ಅದನ್ನು, ಹಂಚುವಾಗ ಮೂಲ ಬರಹವನ್ನೂ (ಸೋರ್ಸ್) ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸಿನ ಅಡಿಯಲ್ಲಿ ಬಳಸಬೇಕು, ಇಲ್ಲವೇ ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳಬೇಕು. ನೋಕಿಯಾ 2008ರಲ್ಲಿ ಕ್ಯೂಟಿ ಮಾಡುತ್ತಿದ್ದ ನಾರ್ವೆಯ ಟ್ರೋಲ್‌ಟೆಕ್ ಅನ್ನು ಕೊಂಡಿತು, ಮರುವರ್ಷ ಕ್ಯೂಟಿಯನ್ನು ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್‌ಗೂ ಬಿಟ್ಟಿತು. ಪೈಥಾನ್‌ಗೂ ಅದೇ ಲೈಸೆನ್ಸಿನದು ಬೇಕಾಗಿ 2009ರಲ್ಲಿ ಪೈಸೈಡ್ ಹುಟ್ಟಿತು. ಈಗ ಕ್ಯೂಟಿ ಕಂಪನಿಯವರೇ ಅದನ್ನು ನೋಡಿಕೊಳ್ಳುತ್ತಾರೆ. ಬರೆಯುವ ಪ್ರೋಗ್ರಾಂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಿಮ್ಮ ಪ್ರೋಗ್ರಾಂ ಸೋರ್ಸ್ ಸಮೇತ ಹಂಚುವುದಾದರೆ ಯಾವುದಾದರೂ ಆದೀತು. ಸೋರ್ಸ್ ಕೊಡದೆ ಮಾರುವ ಯೋಚನೆ ಇದ್ದರೆ ಪೈಸೈಡ್ ಹಿಡಿಯಿರಿ, ಎಲ್‌ಜಿಪಿಎಲ್‌ನ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ. ಭಾವ ದುಡ್ಡು ಕೊಡುವವರಲ್ಲ, ಆದರೆ ಪಕ್ಕದ ವಖಾರಿಯವರು ಕೇಳಿಯಾರು ಎಂಬ ಆಸೆಗೆ ನಾನು ಪೈಸೈಡ್ ಹಿಡಿದೆ.

ಪೈಸೈಡ್6 ಅಂತ ಪಿಪ್‌ನಲ್ಲಿ ಹಾಕಿದರೆ ಬ್ರೌಸರ್ ಎಂಜಿನ್ ಸಮೇತ ಇಡೀ ಮದುವೆ ದಿಬ್ಬಣವೇ ಬರುತ್ತದೆ. ಕಿಟಕಿ, ಪಟ್ಟಿ, ಪ್ರಿಂಟ್ ಇಷ್ಟೇ ಬೇಕಿದ್ದರೆ ಪೈಸೈಡ್6-ಎಸೆನ್ಷಿಯಲ್ಸ್ ಹಾಕಿ, ಸಾಕು.

ಬರೆದು ಮುಗಿಸಿ, ಪೈಥಾನ್ ಇಲ್ಲದ ಯಂತ್ರದಲ್ಲೂ ನಡೆಯುವಂತೆ ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಪೇಟೆಗೆ ಹೋದೆ. ಡಬಲ್ ಕ್ಲಿಕ್ ಮಾಡಿದರೆ ಏನೋ ಒಂದು ಡಿಎಲ್‌ಎಲ್ ಇಲ್ಲ ಅಂತ ಪೆಟ್ಟಿಗೆ ಬಂತು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಚಾ ಕುಡೀರಿ” ಅಂದರು.

ಕ್ಯೂಟಿ 6ಕ್ಕೆ ವಿಂಡೋಸ್ 10 ಅಥವಾ ಅದರ ನಂತರದ್ದು ಬೇಕು. ಭಾವನ ಡಬ್ಬ ವಿಂಡೋಸ್ 7. ಅಷ್ಟೇ ಅಲ್ಲ, ಪೈಥಾನ್ ಕೂಡ 3.9ರಿಂದ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಕೊನೆಯದು 3.8. ಮೂರನೇ ಸಲ ಪೈಥಾನ್ 3.8, ಅದರ ಮೇಲೆ ಕ್ಯೂಟಿ 5.15ರ ಪೈಸೈಡ್2 ಹಾಕಿ ಬರೆದೆ. ಮನೆಯಿಂದ ಹೊರಡುವ ಮುಂಚೆ ಒಂದು ಫೋನ್ ಮಾಡಿ, “ಭಾವಾ, ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ ಹೇಳಿ” ಅಂದಿದ್ದರೆ ಇಷ್ಟೆಲ್ಲ ಇರಲಿಲ್ಲ. ವಿಂಡೋಸ್ ಯಾವುದು, 32 ಬಿಟ್ಟೋ 64 ಬಿಟ್ಟೋ, ಪರದೆ ಎಷ್ಟು ಅಗಲ. ಈ ಮೂರನ್ನು ಬರೆದುಕೊಂಡು ಆಮೇಲೆ ಟೂಲ್‌ಕಿಟ್ ಆರಿಸಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ. ಅಂಥ ಯಂತ್ರಕ್ಕೆ ಬರೆಯುವುದಾದರೆ ಅದನ್ನು ಇಂಟರ್ನೆಟ್‌ಗೆ ಜೋಡಿಸದೆ ಇಡಲು ಹೇಳಿ.

ಕಟ್ಟುವಾಗ ಒಂದೇ ಫೈಲ್ ಮಾಡುವ ಆಸೆ ಬೇಡ. ಒಂದೇ ಫೈಲ್ ಆದರೆ ಪ್ರತಿ ಸಲವೂ ಅದು ತಾತ್ಕಾಲಿಕ ಫೋಲ್ಡರ್‌ನಲ್ಲಿ ತನ್ನನ್ನು ಬಿಚ್ಚಿಕೊಂಡು ಆಮೇಲೆ ಏಳುತ್ತದೆ. ಹಳೇ ಡಿಸ್ಕಿನಲ್ಲಿ ಅಷ್ಟರೊಳಗೆ ರೈತ ಚೀಲ ಇಳಿಸಿ ಆಗಿರುತ್ತದೆ. ಆಂಟಿವೈರಸ್‌ಗಳೂ ಅಂಥ ಫೈಲನ್ನು ಅನುಮಾನದಿಂದ ನೋಡುವುದು ಜಾಸ್ತಿ. ಫೋಲ್ಡರ್ ಆಗಿಯೇ ಕೊಟ್ಟು ಡೆಸ್ಕ್‌ಟಾಪ್‌ನಲ್ಲಿ ಶಾರ್ಟ್‌ಕಟ್ ಇಡಿ.

ಫಾಂಟನ್ನೂ ಜೊತೆಗೆ ಒಯ್ಯಿರಿ. ನಿರ್ಮಲಾ ಯುಐ ಬಂದದ್ದು ವಿಂಡೋಸ್ 8ರಿಂದ, 7ರಲ್ಲಿ ಇರುವುದು ತುಂಗಾ. ನಾನು ನೋಟೋ ಸ್ಯಾನ್ಸ್ ಕನ್ನಡವನ್ನು ಪ್ರೋಗ್ರಾಂನ ಫೋಲ್ಡರಿನಲ್ಲೇ ಇಟ್ಟಿದ್ದೇನೆ. ಕ್ಯೂಟಿಯಲ್ಲಿ ಕ್ಯೂಫಾಂಟ್‌ಡೇಟಾಬೇಸ್‌ಗೆ ಫೈಲಿನ ದಾರಿ ಹೇಳಿದರೆ ಒಂದು ಸಾಲಿನಲ್ಲಿ ಲೋಡ್ ಆಗುತ್ತದೆ, ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಬೇಕಿಲ್ಲ. ಟಿಕಿಂಟರ್‌ಗೆ ಈ ಸೌಕರ್ಯ ಇಲ್ಲ.

ಇನ್ನು ಕೈಯ ವಿಷಯ. ನಾನು ಮೌಸ್ ಇಟ್ಟುಕೊಂಡು ಯೋಚಿಸುವವನು. ಗುಮಾಸ್ತರು ಮೌಸನ್ನು ಪೇಪರ್ ಹಾರದಂತೆ ಒತ್ತಿಡಲು ಬಳಸುತ್ತಾರೆ. ಒಂದು ಕೈ ಚೀಟಿ ಮೇಲೆ, ಇನ್ನೊಂದು ಕೈ ಕೀಬೋರ್ಡಿನ ಬಲಗಡೆಯ ಅಂಕಿಗಳ ಮೇಲೆ. ಹೆಸರು, ಎಂಟರ್. ಬಗೆ, ಎಂಟರ್. ಚೀಲ, ಎಂಟರ್. ತೂಕ, ಎಂಟರ್. ಟ್ಯಾಬ್ ಒತ್ತಿ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಎಂಟರ್ ಒತ್ತಿದರೆ ಮುಂದಿನ ಪೆಟ್ಟಿಗೆಗೆ ಹೋಗುವುದು ಯಾವ ಟೂಲ್‌ಕಿಟ್‌ನಲ್ಲೂ ತಾನಾಗಿ ಸಿಗಲಿಲ್ಲ, ಆದರೆ ಮಾಡುವುದು ಸುಲಭ. ಕ್ಯೂಟಿಯಲ್ಲಿ ಪೆಟ್ಟಿಗೆಯ ರಿಟರ್ನ್‌ಪ್ರೆಸ್ಡ್ ಸಿಗ್ನಲನ್ನು ಮುಂದಿನ ಪೆಟ್ಟಿಗೆಯ ಸೆಟ್‌ಫೋಕಸ್‌ಗೆ ಜೋಡಿಸಿ. ಟಿಕಿಂಟರ್‌ನಲ್ಲಿ ರಿಟರ್ನ್ ಕೀಯನ್ನು ಬೈಂಡ್ ಮಾಡಿ.

ಕಷ್ಟವಾದದ್ದು ಹೆಸರು ಹುಡುಕುವುದು. ನಮ್ಮ ಕಡೆ ರಸ್ತೆಯಲ್ಲಿ ನಿಂತು ‘ಗಣಪತಿ ಹೆಗಡೆ’ ಅಂತ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹಾಗಾಗಿ ಊರಿನ ಹೆಸರಿಂದಲೂ ಹುಡುಕಬೇಕು. ಸುಮಾರು 400 ಹೆಸರು. ಎರಡಕ್ಷರ ಹೊಡೆದರೆ ಕೆಳಗೆ ಪಟ್ಟಿ ಇಳಿಯಬೇಕು. ಕ್ಯೂಟಿಯಲ್ಲಿ ಕ್ಯೂಕಂಪ್ಲೀಟರ್ ಎಂಬುದು ಇದಕ್ಕೆಂದೇ ಇದೆ. ಅದರ ಫಿಲ್ಟರ್ ಮೋಡನ್ನು ‘ಮ್ಯಾಚ್ ಕಂಟೇನ್ಸ್’ಗೆ ಇಟ್ಟೆ, ‘ಗಣಪತಿ ಹೆಗಡೆ, ಸೋಂದಾ’ ಎಂಬ ಸಾಲಿನಲ್ಲಿ ‘ಸೋಂ’ ಅಂದರೂ ಸಿಗುತ್ತದೆ. ಟಿಕಿಂಟರ್‌ನಲ್ಲಿ ಇದನ್ನೇ ನಾನು ಕೈಯಾರೆ ಬರೆದಿದ್ದೆ. ತೊಂಬತ್ತು ಸಾಲು, ಅದರಲ್ಲೂ ಕೆಳಬಾಣ ಒತ್ತಿದರೆ ಪಟ್ಟಿ ಮಾಯ. ನನಗೆ ಕ್ಯೂಟಿ ಗೆದ್ದದ್ದು ಅಂದದಿಂದಲ್ಲ, ಈ ಒಂದು ಸಿದ್ಧ ಬಿಡಿಭಾಗದಿಂದ, ಅಂದರೆ ವಿಜೆಟ್‌ನಿಂದ. ನಿಮ್ಮ ಪ್ರೋಗ್ರಾಂನಲ್ಲೂ ಇಂಥ ಒಂದು ಜಾಗ ಇರುತ್ತದೆ, ದಿನಕ್ಕೆ ನೂರು ಸಲ ಕೈ ಹೋಗುವ ಜಾಗ. ಆ ವಿಜೆಟ್ ಯಾವ ಟೂಲ್‌ಕಿಟ್‌ನಲ್ಲಿ ಸಿದ್ಧವಾಗಿ ಸಿಗುತ್ತದೆ ನೋಡಿ.

ಅಂಕಿಗಳ ಬಗ್ಗೆ ಹೆದರಿಕೆ ಬೇಡ. ಗುಮಾಸ್ತರು ಒಮ್ಮೊಮ್ಮೆ ನುಡಿ ಆನ್ ಇಟ್ಟೇ ತೂಕ ಹೊಡೆಯುತ್ತಾರೆ, ‘೪೫’ ಅಂತ ಬೀಳುತ್ತದೆ. ಬರಹವನ್ನು ಪೂರ್ಣಾಂಕ ಮಾಡುವ ಪೈಥಾನ್‌ನ ಇಂಟ್ ಅದನ್ನು 45 ಅಂತಲೇ ತೆಗೆದುಕೊಳ್ಳುತ್ತದೆ. ಇದು ಗೊತ್ತಾದ ದಿನ ನನಗೆ ಸುಮ್ಮನೆ ಖುಷಿಯಾಗಿತ್ತು.

ಕಾಟಾದಿಂದ ನೇರವಾಗಿ ತೂಕ ಓದುವುದು ಟೂಲ್‌ಕಿಟ್ ಆರಿಸುವ ಕಾರಣವೇ ಅಲ್ಲ, ಎಲ್ಲದರಲ್ಲೂ ಆಗುತ್ತದೆ. ಪೈಸೀರಿಯಲ್ ಎಂಬ ಲೈಬ್ರರಿ ಸಾಕು. ಆದರೆ ಕಾಟಾ ಒಂದು ಸಾಲು ಕಳಿಸುವವರೆಗೆ ಕಾಯುತ್ತಾ ಕೂತರೆ ಕಿಟಕಿ ಹೆಪ್ಪುಗಟ್ಟುತ್ತದೆ, ನನ್ನದು ಗಟ್ಟಿತ್ತು. ಕಾಯಬೇಡಿ. ಕ್ಯೂಟಿಯ ಕ್ಯೂಟೈಮರ್ ಇಟ್ಟು 200 ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡಿ, ಬಂದಿದ್ದರೆ ಓದಿ, ಇಲ್ಲದಿದ್ದರೆ ವಾಪಸ್. ಟಿಕಿಂಟರ್‌ನಲ್ಲಿ ಇದೇ ಕೆಲಸಕ್ಕೆ ಆಫ್ಟರ್ ಇದೆ.

ಪ್ರಿಂಟ್ ಮಾತ್ರ ದೊಡ್ಡ ಕಾರಣ. ಟಿಕೆ 8.6ರಲ್ಲಿ ಪ್ರಿಂಟರ್‌ಗೆ ಕಳಿಸುವ ಸಿದ್ಧ ದಾರಿ ಇಲ್ಲ. ಪಿಡಿಎಫ್ ಮಾಡಿ ಪ್ರಿಂಟ್ ಹಾಕೋಣ ಅಂತ ಒಂದು ಲೈಬ್ರರಿ ತಂದೆ, ಅದೂ ಒತ್ತಕ್ಷರ ಒಡೆದೇ ಕೊಟ್ಟಿತು. ಪರದೆಯಲ್ಲಿ ಸರಿ ಬಂದದ್ದು ಕಾಗದದಲ್ಲಿ ಸರಿ ಬರುತ್ತದೆ ಅಂದುಕೊಳ್ಳಬೇಡಿ. ಕ್ಯೂಟಿಯಲ್ಲಿ ಚೀಟಿಯನ್ನು ಸಣ್ಣ ಎಚ್‌ಟಿಎಂಎಲ್ ಆಗಿ ಬರೆದು, ಕ್ಯೂಟೆಕ್ಸ್ಟ್‌ಡಾಕ್ಯುಮೆಂಟ್‌ಗೆ ಕೊಟ್ಟು, ಕ್ಯೂಪ್ರಿಂಟರ್‌ಗೆ ಕಳಿಸಿದರೆ ಆಯಿತು. ಪರದೆಗೆ ಬರೆದ ಅದೇ ಎಂಜಿನ್ ಕಾಗದಕ್ಕೂ ಬರೆಯುತ್ತದೆ. ಡಬ್ಲ್ಯೂಎಕ್ಸ್, ಜಿಟಿಕೆಗಳಲ್ಲೂ ಪ್ರಿಂಟ್ ವ್ಯವಸ್ಥೆ ಇದೆ.

“ಇಷ್ಟೆಲ್ಲ ಯಾಕೆ, ಫ್ಲಾಸ್ಕ್ ಎಂಬ ವೆಬ್ ಲೈಬ್ರರಿಯಲ್ಲಿ ಬರೆದು ಬ್ರೌಸರಿನಲ್ಲಿ ತೋರಿಸಬಾರದೇ?” ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಬ್ರೌಸರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಪ್ರಿಂಟೂ ಬರುತ್ತದೆ. ಎರಡು ಮೂರು ಕಂಪ್ಯೂಟರಿನಿಂದ ಒಟ್ಟಿಗೆ ಬಳಸುವುದಾದರೆ ನಾನೂ ಅದನ್ನೇ ಮಾಡುತ್ತಿದ್ದೆ. ಭಾವನ ಅಂಗಡಿಯಲ್ಲಿ ಇರುವುದು ಒಂದೇ ಯಂತ್ರ. ಕರೆಂಟ್ ಹೋಗಿ ಬಂದಾಗ ಗುಮಾಸ್ತರು ಒಂದು ಚಿತ್ರ ಒತ್ತಿದರೆ ಕಿಟಕಿ ಏಳಬೇಕು. ಸರ್ವರ್ ಶುರು ಮಾಡಿ, ಆಮೇಲೆ ಬ್ರೌಸರ್ ತೆಗೆಯಿರಿ ಅಂದರೆ ಮತ್ತೆ “ಚಾ ಕುಡೀರಿ” ಅನ್ನುತ್ತಾರೆ.

ಕಳೆದ ದೀಪಾವಳಿಗೆ ಭಾವ ಕೊನೆಗೂ ಹೊಸ ಕಂಪ್ಯೂಟರ್ ತಂದರು. ಪೈಸೈಡ್2ರಿಂದ ಪೈಸೈಡ್6ಕ್ಕೆ ಬದಲಿಸಲು ಒಂದು ಮಧ್ಯಾಹ್ನ ಸಾಕಾಯಿತು. ಎಲ್ಲ ಕಡೆ ಇಂಪೋರ್ಟ್ ಸಾಲಿನ ಹೆಸರು ಬದಲಿಸಿ. ಎಕ್ಸೆಕ್ ಪಕ್ಕದ ಅಡಿಗೆರೆ ತೆಗೆಯಿರಿ. ಕ್ಯೂಆಕ್ಷನ್ ಕ್ಯೂಟಿವಿಜೆಟ್ಸ್‌ನಿಂದ ಕ್ಯೂಟಿಜಿಯುಐಗೆ ಮನೆ ಬದಲಿಸಿದೆ, ಅದನ್ನು ಅಲ್ಲಿಂದ ಕರೆಯಿರಿ. ಮುಗಿಸಿ, ಪೆಟ್ಟಿಗೆಯಲ್ಲಿ ಮತ್ತೊಮ್ಮೆ ‘ಜ್ಯೋತ್ಸ್ನಾ’ ಹೊಡೆದೆ. ಹೊಸ ಪರದೆಯಲ್ಲಿ ಎಲ್ಲವನ್ನೂ ಶೇಕಡಾ 125ಕ್ಕೆ ಹಿಗ್ಗಿಸಿದ್ದರಿಂದ ಪಟ್ಟಿಯ ಸಾಲಿನ ಎತ್ತರವನ್ನು ಇನ್ನೊಂದು ನಾಲ್ಕು ಪಿಕ್ಸೆಲ್ ಏರಿಸಬೇಕಾಯಿತು.